ಬಿಡದ ಕೆಮ್ಮು: ಕ್ಷಯವೋ, ಕ್ಯಾನ್ಸರೋ?

ಕಾಪುವಿನ ಕಡಲಂಚಿನಿಂದ ಕಾರ್ಕಳದವರೆಗೆ, ಕೆಮ್ಮು ಬಿಡದೆ ಕಫದಲ್ಲಿ ರಕ್ತ ಕಂಡರೆ ಜನ ಮೊದಲು ಹೆದರುವುದು ಕ್ಷಯಕ್ಕೆ. ಈ ಹೆದರಿಕೆಗೆ ಇತಿಹಾಸವಿದೆ. 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ಆರಂಭಿಸಿದಾಗ ಶ್ವಾಸಕೋಶದ ಕ್ಯಾನ್ಸರ್ ಜಗತ್ತಿನ ವೈದ್ಯರಿಗೇ ಅಪರೂಪದ ರೋಗ. ಕ್ಷಯವಾದರೋ ಊರೂರಿನ ಮಾರಿ. ಬೀಡಿ, ಸಿಗರೇಟು ಹಬ್ಬಿದಂತೆ ಸ್ಥಿತಿ ಬದಲಾಯಿತು. ಧೂಮಪಾನಕ್ಕೂ ಈ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ಡಾಲ್ ಮತ್ತು ಹಿಲ್ 1950ರಲ್ಲಿ ತೋರಿಸಿದರು.

1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದಾಗಲೂ ಒಂದು ತೊಡಕು ಉಳಿದಿತ್ತು: ಎಕ್ಸ್‌ರೇಯಲ್ಲಿ ಎರಡೂ ರೋಗಗಳ ನೆರಳು ಒಂದೇ ತೆರನಾಗಿ ಕಾಣಬಹುದು. 1960ರ ದಶಕದಲ್ಲಿ ಜಪಾನಿನ ಶಿಗೆಟೊ ಇಕೆಡಾ ರೂಪಿಸಿದ ಬಾಗುವ ಬ್ರಾಂಕೋಸ್ಕೋಪ್, ಶ್ವಾಸನಾಳದೊಳಗಿಳಿದು ಅಂಗಾಂಶದ ಚೂರು ತೆಗೆಯುವುದನ್ನು ಸುಲಭವಾಗಿಸಿತು. ಆ ಚೂರಿನ ಪರೀಕ್ಷೆ, ಅಂದರೆ ಬಯಾಪ್ಸಿ, ಇಂದಿಗೂ ಕೊನೆಯ ಮಾತು. ಗಡ್ಡೆ ಹರಡುವ ಮೊದಲೇ ಪತ್ತೆಯಾದರೆ ಶಸ್ತ್ರಚಿಕಿತ್ಸೆ; ಹರಡಿದ್ದರೆ ವಿಕಿರಣ, ಕಿಮೋಥೆರಪಿ, ಕೆಲವರಿಗೆ ಜೀನ್ ಪರೀಕ್ಷೆ ನೋಡಿ ಕೊಡುವ ಮಾತ್ರೆ.

ಆದರೂ ಕಫದಲ್ಲಿ ರೋಗಾಣು ಕಾಣದಿದ್ದರೂ ಅನುಮಾನದ ಮೇಲೆ ಕ್ಷಯದ ಮದ್ದು ನುಂಗುತ್ತ ತಿಂಗಳುಗಳನ್ನೇ ಕಳೆದುಕೊಂಡವರುಂಟು. ಮದ್ದಿಗೆ ಜಗ್ಗದ ಕೆಮ್ಮನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದೇ ಜಾಣತನ.