ಉಲ್ಲೇಖಗಳ ಲೆಕ್ಕದಲ್ಲಿ ಮೌದ್ಗಲ್

ಒಬ್ಬ ವಿಜ್ಞಾನಿಯ ಕೆಲಸದ ತೂಕವನ್ನು ಅಳೆಯುವುದು ಹೇಗೆ? ವಿದ್ಯುತ್ ಪ್ರವಾಹ ಅಳೆಯಲು ಆಮ್ಮೀಟರ್ ಇದೆ. ಸಂಶೋಧನೆಗೂ ಅಂಥದೊಂದು ಮೀಟರ್ ಬೇಕೆಂಬುದು ಆಡಳಿತಗಾರರ ಹಳೆಯ ಆಸೆ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಂಶೋಧನ ಪ್ರಬಂಧಗಳಿಗೆ ಅಂಕ ಕೊಡುವ ಪದ್ಧತಿಯನ್ನು ತಂದ ಮೇಲೆ, ಬಳ್ಳಾರಿ ನಗರದಲ್ಲಿರಲಿ, ಸಿರುಗುಪ್ಪ, ಕುರುಗೋಡಿನಲ್ಲಿರಲಿ, ಪದವಿ ಕಾಲೇಜಿನ ಅಧ್ಯಾಪಕರಿಗೆ ಈ ಲೆಕ್ಕಾಚಾರ ತಪ್ಪಿದ್ದಲ್ಲ. ಬಡ್ತಿಯೇ ಅದರ ಮೇಲೆ ನಿಂತಿರುವಾಗ ಅದು ಏನನ್ನು ಅಳೆಯುತ್ತದೆ ಎಂದು ನಾವು ಕೇಳಲೇಬೇಕು. ಇದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾರ್ಮೋನುಗಳ ಬಗ್ಗೆ ಸಂಶೋಧನೆ ನಡೆಸಿದ ನುಗ್ಗೇಹಳ್ಳಿ ರಘುವೀರ ಮೌದ್ಗಲ್. 1976ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಪಡೆದವರು.

ಮೌದ್ಗಲ್ ಕೈಗೆತ್ತಿಕೊಂಡ ಸಮಸ್ಯೆ ಹೀಗಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಲವು ಹಾರ್ಮೋನುಗಳನ್ನು ಸ್ರವಿಸುತ್ತದೆ. ಅವುಗಳಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆಂದು ತಿಳಿಯಲು ಹಿಂದೆ ಇಡೀ ಗ್ರಂಥಿಯನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಒಂದು ದೀಪದ ಸ್ವಿಚ್ ಹುಡುಕಲು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದಂತೆ! ಒಂದೇ ಹಾರ್ಮೋನನ್ನು ಗುರುತಿಸಿ ಅದನ್ನು ಮಾತ್ರ ಕಟ್ಟಿಹಾಕುವ ಪ್ರತಿಕಾಯ ಸಿಕ್ಕರೆ, ಪ್ರಾಣಿಯ ಉಳಿದ ವ್ಯವಸ್ಥೆ ಕೆಡದೆ ಉತ್ತರ ದೊರೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿ.ಎಚ್. ಲೀ ಅವರೊಡನೆ ಮೌದ್ಗಲ್ 1961ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ದಾರಿಯದೇ. ಅಮೆರಿಕದಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅದರ ಹಿಂದಿನ ವರ್ಷವಷ್ಟೇ ಪ್ರತಿಕಾಯ ಹಾಗೂ ವಿಕಿರಣಶೀಲ ಅಯೋಡಿನ್ ಬಳಸಿ ರಕ್ತದಲ್ಲಿನ ಇನ್ಸುಲಿನ್ ಅಳೆಯುವ ವಿಧಾನವನ್ನು ಪ್ರಕಟಿಸಿದ್ದರು. (ಯಾಲೋ ಡಾಕ್ಟರೇಟ್ ಪಡೆದದ್ದು ಭೌತವಿಜ್ಞಾನದಲ್ಲಿ ಎಂಬುದನ್ನು ನನ್ನಂಥವರು ಹೇಳದೆ ಬಿಡುವುದಿಲ್ಲ.) ಅವರಿಗೆ ಪ್ರತಿಕಾಯ ಅಳತೆಗೋಲು, ಮೌದ್ಗಲ್ ಅವರಿಗೆ ಅದು ಚಾಕು.

ಆ ಚಾಕು ಎಷ್ಟು ಹರಿತವೆಂಬುದನ್ನು 1970ರಲ್ಲಿ ಎಚ್.ಜಿ. ಮಧ್ವರಾಜ್ ಮತ್ತು ಮೌದ್ಗಲ್ ‘ಎಂಡೋಕ್ರೈನಾಲಜಿ’ ಪತ್ರಿಕೆಯಲ್ಲಿ ತೋರಿಸಿದರು. ಗರ್ಭಿಣಿ ಇಲಿಗೆ ಲ್ಯೂಟಿನೈಸಿಂಗ್ ಹಾರ್ಮೋನಿನ ಪ್ರತಿಕಾಯ ಕೊಟ್ಟರೆ ಗರ್ಭ ನಿಲ್ಲುವುದಿಲ್ಲ. ಅದೂ ಗರ್ಭಾವಧಿಯ ನಿರ್ದಿಷ್ಟ ದಿನಗಳಲ್ಲಿ ಕೊಟ್ಟಾಗ ಮಾತ್ರ. ಜೊತೆಗೆ ಪ್ರೊಜೆಸ್ಟರಾನ್ ಕೊಟ್ಟರೆ ಗರ್ಭ ಉಳಿಯುತ್ತದೆ. ಗ್ರಂಥಿಗೆ ಕೈ ಹಚ್ಚದೆಯೇ ಕಾರಣ, ಕಾರ್ಯ ಎರಡೂ ಸಿಕ್ಕವು.

ಮುಂದಿನ ಹೆಜ್ಜೆ ಇನ್ನೂ ಧೈರ್ಯದ್ದು. ವೀರ್ಯಾಣು ಉತ್ಪಾದನೆಗೆ ಎಫ್‌ಎಸ್‌ಎಚ್ ಹಾರ್ಮೋನು ಬೇಕೇಬೇಕು ಎಂದಾದರೆ, ಅದರ ವಿರುದ್ಧ ಲಸಿಕೆ ಹಾಕಿ ಪುರುಷರಿಗೆ ಗರ್ಭನಿರೋಧಕ ಮಾಡಬಹುದಲ್ಲವೇ? ಬಾನೆಟ್ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಟೆಸ್ಟೊಸ್ಟಿರಾನ್ ಇಳಿಯದೆ ಫಲವಂತಿಕೆ ಕುಂದಿತು. 1997ರಲ್ಲಿ ಐವರು ಸ್ವಯಂಸೇವಕರ ಮೇಲೆ ನಡೆದ ಪ್ರಾಯೋಗಿಕ ಅಧ್ಯಯನ ‘ಹ್ಯೂಮನ್ ರಿಪ್ರೊಡಕ್ಷನ್’ನಲ್ಲಿ ಬಂತು.

ಅದೇ ವರ್ಷ ‘ನೇಚರ್ ಜೆನೆಟಿಕ್ಸ್’ನ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಪ್ರಕಟವಾದವು. ಎಫ್‌ಎಸ್‌ಎಚ್ ತಯಾರಾಗದಂತೆ ವಂಶವಾಹಿ ಮಾರ್ಪಡಿಸಿದ ಗಂಡು ಇಲಿಗಳ ವೃಷಣ ಚಿಕ್ಕದಾದರೂ ಅವು ಮರಿ ಹುಟ್ಟಿಸಬಲ್ಲವು ಎಂದು ಒಂದು ಹೇಳಿತು. ಈ ಹಾರ್ಮೋನಿನ ಗ್ರಾಹಕವೇ ದೋಷಗೊಂಡಿದ್ದ ಐವರು ಫಿನ್ಲೆಂಡಿನ ಪುರುಷರಲ್ಲಿಯೂ ವೀರ್ಯಾಣು ಪೂರ್ತಿ ಇಲ್ಲವಾಗಿರಲಿಲ್ಲ, ಇಬ್ಬರಿಗೆ ಮಕ್ಕಳೂ ಇದ್ದರು ಎಂದು ಇನ್ನೊಂದು ಹೇಳಿತು. ಮರುವರ್ಷ ಎಫ್‌ಎಸ್‌ಎಚ್ ವಂಶವಾಹಿಯಲ್ಲೇ ದೋಷವಿದ್ದು ವೀರ್ಯಾಣುವೇ ಇಲ್ಲದ ಪುರುಷರ ವರದಿಗಳೂ ಬಂದವು. ಚರ್ಚೆ ಮುಗಿಯಲಿಲ್ಲ, ಲಸಿಕೆ ಮಾರುಕಟ್ಟೆಗೂ ಬರಲಿಲ್ಲ.

ಈಗ ಉಲ್ಲೇಖಗಳ ವಿಷಯಕ್ಕೆ ಬನ್ನಿ. ಒಂದು ಪ್ರಬಂಧವನ್ನು ಮುಂದೆ ಯಾರ್ಯಾರು ಉಲ್ಲೇಖಿಸಿದರು ಎಂದು ಪಟ್ಟಿ ಮಾಡುವ ವಿಚಾರವನ್ನು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. 1964ರಿಂದ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರಬಂತು. ಅದು ಹುಟ್ಟಿದ್ದು ಸಂಬಂಧಪಟ್ಟ ಪ್ರಬಂಧಗಳನ್ನು ಹುಡುಕಲು, ಅಂಕ ಹಾಕಲು ಅಲ್ಲ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ‘ಎಚ್ ಸೂಚ್ಯಂಕ’ವನ್ನು ಕೊಟ್ಟರು: ಕನಿಷ್ಠ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದು, 21 ಬಾರಿ ಉಲ್ಲೇಖಗೊಂಡ 21 ಇಲ್ಲದಿದ್ದರೆ ಸೂಚ್ಯಂಕ 20. ಹಿರ್ಶ್ ತಮ್ಮ ಪ್ರಬಂಧದಲ್ಲಿ ಭೌತವಿಜ್ಞಾನದ ಎಡ್ವರ್ಡ್ ವಿಟನ್‌ಗೆ 110, ಜೀವವಿಜ್ಞಾನದ ಸಾಲೊಮನ್ ಸ್ನೈಡರ್‌ಗೆ 191 ಎಂದು ಕೊಟ್ಟು, ಬೇರೆ ಬೇರೆ ಕ್ಷೇತ್ರಗಳನ್ನು ಹೀಗೆ ಹೋಲಿಸಬಾರದೆಂದೂ ಎಚ್ಚರಿಸಿದರು. ನಮ್ಮ ಸಮಿತಿಗಳು ಸಂಖ್ಯೆಯನ್ನು ತೆಗೆದುಕೊಂಡು ಎಚ್ಚರಿಕೆಯನ್ನು ಅಲ್ಲಿಯೇ ಬಿಟ್ಟವು.

ಮೌದ್ಗಲ್ ಅವರ ಎಫ್‌ಎಸ್‌ಎಚ್ ಪ್ರಬಂಧಗಳನ್ನು ಒಪ್ಪಿದವರು ಉಲ್ಲೇಖಿಸಿದರೂ ಒಂದೇ, ಅಲ್ಲಗಳೆದವರು ಉಲ್ಲೇಖಿಸಿದರೂ ಒಂದೇ. ಗಣಕಕ್ಕೆ ಎರಡೂ ‘ಒಂದು’. ನನ್ನ ಮಟ್ಟಿಗೆ ಇದು ದೋಷವಲ್ಲ, ಬೇರೆಯವರು ಎದುರು ಪ್ರಯೋಗ ಮಾಡುವಷ್ಟು ಸ್ಪಷ್ಟವಾದ ಪ್ರಶ್ನೆ ಕೇಳುವುದೂ ಸಾಧನೆಯೇ. ಆದರೆ ಇಲಿಗಳ ಪ್ರಯೋಗದ ಕತೆ ಬೇರೆ. ಒಂದು ವಿಧಾನ ಎಲ್ಲರ ಸೊತ್ತಾದ ಮೇಲೆ ಅದನ್ನು ಮೊದಲು ಮಾಡಿದವರ ಹೆಸರು ಉಲ್ಲೇಖದಿಂದ ಜಾರುತ್ತದೆ. ರಾಮನ್ ರೋಹಿತವನ್ನು ದಿನವೂ ಬಳಸುವವರಲ್ಲಿ 1928ರ ಪ್ರಬಂಧವನ್ನು ಉಲ್ಲೇಖಿಸುವವರು ಎಷ್ಟು ಮಂದಿ?

ಹೆಸರಿನದೇ ಇನ್ನೊಂದು ತೊಡಕು. ಮೇಲೆ ಹೇಳಿದ ಮಧ್ವರಾಜ್ 1970ರ ಪ್ರಬಂಧಕ್ಕೆ ಸೂಚಿಗಳಲ್ಲಿ ‘ರಾಜ್’ ಆಗಿದ್ದಾರೆ, 1976ರ ಇನ್ನೊಂದು ಪ್ರಬಂಧಕ್ಕೆ ‘ಮಧ್ವರಾಜ್’. ಗಣಕದ ಪಾಲಿಗೆ ಇಬ್ಬರು ವ್ಯಕ್ತಿಗಳು! ಊರ ಹೆಸರನ್ನು ಮುಂದಿಟ್ಟುಕೊಳ್ಳುವ ನಮ್ಮವರಿಗೆ ಇದು ಸಾಮಾನ್ಯ. ಒಂದು ಪ್ರಬಂಧದಲ್ಲಿ ಕುರುಗೋಡು ‘ಕೆ’ ಆಗಿ ಮೊದಲು ಬಂದು, ಇನ್ನೊಂದರಲ್ಲಿ ಪೂರ್ತಿ ಹೆಸರಾಗಿ ಕೊನೆಗೆ ಹೋದರೆ ನಿಮ್ಮ ಉಲ್ಲೇಖಗಳು ಹಂಚಿಹೋಗುತ್ತವೆ. ಮೊದಲ ಪ್ರಬಂಧದಿಂದಲೇ ಒಂದೇ ರೂಪ ಬಳಸಿ. 2012ರಿಂದ ಉಚಿತವಾಗಿ ಸಿಗುತ್ತಿರುವ ‘ಆರ್ಕಿಡ್’ ಸಂಖ್ಯೆಯನ್ನು ಪಡೆದುಕೊಳ್ಳಿ.

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಬಹುದು. ‘ಗೂಗಲ್ ಸ್ಕಾಲರ್’ 2004ರಿಂದ ಉಚಿತವಾಗಿದೆ, ಮೊಬೈಲ್ ಸಾಕು. 1997ರ ಆ ಲಸಿಕೆ ಪ್ರಬಂಧವನ್ನು ಉಲ್ಲೇಖಿಸಿದ, ಪೂರ್ಣ ಪಠ್ಯ ಸಿಗುವ ಹತ್ತು ಲೇಖನಗಳನ್ನು ಆರಿಸಿ, ಉಲ್ಲೇಖವಿರುವ ವಾಕ್ಯವನ್ನಷ್ಟೇ ಓದಲಿ. ಒಪ್ಪಿದ್ದು, ವಿರೋಧಿಸಿದ್ದು, ಸುಮ್ಮನೆ ಹೆಸರಿಸಿದ್ದು ಎಂದು ಮೂರು ಗುಂಪು ಮಾಡಿ ಎಣಿಸಲಿ.