ಕಂಪನಿಯ ಕಾನೂನುಬದ್ಧ ಹಕ್ಕುಗಳು ಮತ್ತು ಲೆಕ್ಕಪರಿಶೋಧಕರ ಹೊಣೆಗಾರಿಕೆ

ಕಂಪನಿಯು ನೋಂದಣಿಯಾದ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿಯಾಗಿರುತ್ತದೆ. ಇಂಗ್ಲೆಂಡಿನ ಸಾಲೊಮನ್ ಮೊಕದ್ದಮೆಯಲ್ಲಿ 1896ರಲ್ಲಿ ಸ್ಥಿರಪಟ್ಟ ಈ ತತ್ವವನ್ನು ಭಾರತದ ಕಾನೂನೂ ಅಂಗೀಕರಿಸಿದೆ. ಕಂಪನಿಗಳ ಅಧಿನಿಯಮ, 2013ರ 9ನೇ ಪ್ರಕರಣದ ಮೇರೆಗೆ ಕಂಪನಿಯು ತನ್ನ ಹೆಸರಿನಲ್ಲಿಯೇ ಆಸ್ತಿ ಹೊಂದಬಹುದು, ಕರಾರು ಮಾಡಿಕೊಳ್ಳಬಹುದು ಹಾಗೂ ದಾವೆ ಹೂಡಬಹುದು. ಅದರ ವಿರುದ್ಧವೂ ದಾವೆ ಹೂಡಬಹುದು. ಸದಸ್ಯರು ಬದಲಾದರೂ ಅದರ ಅಸ್ತಿತ್ವವು ಮುಂದುವರಿಯುತ್ತದೆ.

ಹಕ್ಕುಗಳ ಮಿತಿ

ಸಂವಿಧಾನದ 14ನೇ ಅನುಚ್ಛೇದದ ಸಮಾನತೆಯ ರಕ್ಷಣೆಯು ಕಂಪನಿಗೂ ಲಭ್ಯವಿದೆ. ಆದರೆ 19ನೇ ಅನುಚ್ಛೇದದ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ ಮೀಸಲಾಗಿದ್ದು, ಕಂಪನಿಯು ನಾಗರಿಕನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಸೆರೆವಾಸ ಕಡ್ಡಾಯವಾದ ಅಪರಾಧದಲ್ಲಿಯೂ ಕಂಪನಿಯನ್ನು ವಿಚಾರಣೆಗೆ ಗುರಿಪಡಿಸಿ ಜುಲ್ಮಾನೆ ವಿಧಿಸಬಹುದೆಂದು ಅದೇ ನ್ಯಾಯಾಲಯವು 2005ರಲ್ಲಿ ತೀರ್ಪು ನೀಡಿದೆ.

ಲೆಕ್ಕಪರಿಶೋಧನೆಯ ಅಗತ್ಯ

ಷೇರುಗಳ ಮೂಲಕ ಸೀಮಿತವಾದ ಕಂಪನಿಯಲ್ಲಿ ಸದಸ್ಯರ ಹೊಣೆಯು ಷೇರಿನ ಮೇಲಿನ ಬಾಕಿ ಮೊತ್ತಕ್ಕೆ ಸೀಮಿತವಾಗಿರುತ್ತದೆ. ಆದ್ದರಿಂದ ಸಾಲ ನೀಡಿದವರು ಸಾಮಾನ್ಯವಾಗಿ ಕಂಪನಿಯ ಆಸ್ತಿಯನ್ನೇ ಅವಲಂಬಿಸಬೇಕಾಗುತ್ತದೆ. ಆ ಆಸ್ತಿ ವಾಸ್ತವವಾಗಿ ಇದೆಯೇ ಎಂಬುದನ್ನು ಅರಿಯಲು ಅವರಿಗಿರುವ ಮುಖ್ಯ ಆಧಾರವೇ ಪರಿಶೋಧಿತ ಲೆಕ್ಕಪತ್ರ.

ಚಾರ್ಟರ್ಡ್ ಅಕೌಂಟೆಂಟರ ವೃತ್ತಿಯನ್ನು ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮ, 1949 ನಿಯಂತ್ರಿಸುತ್ತದೆ. ಕಂಪನಿಗಳ ಅಧಿನಿಯಮ, 2013ರ ಪ್ರಮುಖ ಉಪಬಂಧಗಳು ಇಂತಿವೆ:

1. ಲೆಕ್ಕಪರಿಶೋಧಕರು ಕಂಪನಿಯ ಲೆಕ್ಕಪುಸ್ತಕ ಹಾಗೂ ವೋಚರುಗಳನ್ನು ಯಾವುದೇ ಸಮಯದಲ್ಲಿ ಪರಿಶೀಲಿಸುವ ಹಕ್ಕುಳ್ಳವರು (ಪ್ರಕರಣ 143).
2. ಅವರು ವರದಿ ಸಲ್ಲಿಸುವುದು ಆಡಳಿತ ಮಂಡಳಿಗಲ್ಲ, ಸದಸ್ಯರಿಗೆ.
3. ಅಧಿಕಾರಿಗಳು ಅಥವಾ ನೌಕರರು ಎಸಗಿದ 1 ಕೋಟಿ ರೂಪಾಯಿ ಅಥವಾ ಹೆಚ್ಚಿನ ವಂಚನೆ ಕಂಡುಬಂದಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು.
4. ತಾವು ಪರಿಶೋಧಿಸುವ ಕಂಪನಿಗೆ ಲೆಕ್ಕ ಬರೆಯುವುದೂ ಸೇರಿದಂತೆ ನಿಷೇಧಿತ ಸೇವೆಗಳನ್ನು ಒದಗಿಸುವಂತಿಲ್ಲ (ಪ್ರಕರಣ 144).
5. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಲ್ಲಿ ವ್ಯಕ್ತಿಯು ನಿರಂತರವಾಗಿ 5 ವರ್ಷ, ಸಂಸ್ಥೆಯು 10 ವರ್ಷಕ್ಕಿಂತ ಹೆಚ್ಚು ಕಾಲ ಲೆಕ್ಕಪರಿಶೋಧಕರಾಗಿರುವಂತಿಲ್ಲ (ಪ್ರಕರಣ 139).

ಸತ್ಯಂ ಹಗರಣ

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಂದಿನ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ಸುಮಾರು 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲಿಯೇ ಇಲ್ಲವೆಂದು ದಿನಾಂಕ 7-1-2009ರಂದು ಪತ್ರ ಮುಖೇನ ಒಪ್ಪಿಕೊಂಡರು. ಪರಿಶೋಧನೆಗೆ ಒಳಪಟ್ಟ ಲೆಕ್ಕಗಳಲ್ಲಿಯೇ ಈ ಮೊತ್ತವಿದ್ದುದು ವೃತ್ತಿಯ ಮೇಲಿನ ನಂಬಿಕೆಗೆ ಧಕ್ಕೆ ತಂದಿತು. 2013ರ ಅಧಿನಿಯಮದಲ್ಲಿ ಮೇಲ್ವಿಚಾರಣೆಗೆ ಪ್ರತ್ಯೇಕ ಪ್ರಾಧಿಕಾರಕ್ಕೆ ಅವಕಾಶ ಕಲ್ಪಿಸಲಾಯಿತು. ಅದರಂತೆ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರವು 2018ರಲ್ಲಿ ರಚನೆಯಾಯಿತು.

ಸಾರ್ವಜನಿಕರ ಗಮನಕ್ಕೆ

ಕಂಪನಿಯೊಂದು ರಿಜಿಸ್ಟ್ರಾರರಿಗೆ ಸಲ್ಲಿಸಿದ ದಾಖಲೆಗಳನ್ನು ಯಾರು ಬೇಕಾದರೂ ನಿಗದಿತ ಶುಲ್ಕ ಪಾವತಿಸಿ ಪರಿಶೀಲಿಸಬಹುದು (ಪ್ರಕರಣ 399). ಹಣ ತೊಡಗಿಸುವ ಮುನ್ನ ಲೆಕ್ಕಪರಿಶೋಧಕರ ವರದಿಯನ್ನು, ವಿಶೇಷವಾಗಿ ಅದರಲ್ಲಿನ ಆಕ್ಷೇಪಣೆಗಳನ್ನು, ಓದಿಕೊಳ್ಳುವುದು ಸೂಕ್ತ.