ಕಿಟ್ಟೆಲ್ಲರ ಭಾಷೆಗೆ ಕನ್ನಡದ ಬಾಗಿಲು

ನಮ್ಮ ಕೊಡಿಗೇಹಳ್ಳಿ, ಸಹಕಾರನಗರಗಳ ಕಡೆ ಇತ್ತೀಚೆಗೆ ಜರ್ಮನ್ ಕಲಿಯುವ ಮಕ್ಕಳು ಕಾಣಸಿಗುತ್ತಾರೆ. ಕೆಲವರಿಗೆ ಎಂಜಿನಿಯರಿಂಗ್ ಉನ್ನತ ವ್ಯಾಸಂಗದ ಆಸೆ, ಕೆಲವರಿಗೆ ಅಲ್ಲಿನ ಆಸ್ಪತ್ರೆಗಳಲ್ಲಿ ದಾದಿಯ ಕೆಲಸದ ನಿರೀಕ್ಷೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಕಟ್ಟಿದ ಹಣವೂ ವರ್ಷವೂ ವ್ಯರ್ಥ. ಇವರೆಲ್ಲರೂ ಆ ಭಾಷೆಯನ್ನು ಇಂಗ್ಲಿಷಿನ ಮೂಲಕವೇ ಕಲಿಯುತ್ತಾರೆ. ಅದು ಸುತ್ತುಬಳಸಿನ ದಾರಿ ಎಂಬುದು ನನ್ನ ಅಭಿಪ್ರಾಯ.

ಇದೇ ದಾರಿಯನ್ನು ಜರ್ಮನರು ಎದುರು ದಿಕ್ಕಿನಿಂದ ಸವೆಸಿದ್ದರು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಭಾರತಕ್ಕೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆದರೆ ಆ ನಿಘಂಟು ಕನ್ನಡ-ಇಂಗ್ಲಿಷ್; 1903ರ ವ್ಯಾಕರಣವೂ ಇಂಗ್ಲಿಷಿನಲ್ಲಿಯೇ. ಆಳುವವರ ಭಾಷೆ ಅದಾಗಿತ್ತಲ್ಲ! ತಾಯ್ನುಡಿ ಒಂದು, ಕಲಿತ ನುಡಿ ಇನ್ನೊಂದು, ಅರ್ಥ ಬರೆದದ್ದು ಮೂರನೆಯದರಲ್ಲಿ. ಇಂದಿನ ನಮ್ಮ ಮಕ್ಕಳ ಸ್ಥಿತಿಯೂ ಅದೇ.

ವಿಭಕ್ತಿಯನ್ನೇ ನೋಡಿ. ಜರ್ಮನ್ ಕಲಿಯುವವರನ್ನು ಹೆಚ್ಚು ಕಾಡುವುದು ಚತುರ್ಥಿ, ಅವರು 'ದಾತಿಫ್' ಎನ್ನುವುದು. ಇಂಗ್ಲಿಷಿನಲ್ಲಿ 'ಐ ಆಮ್ ಕೋಲ್ಡ್' ಎಂದು ಯೋಚಿಸುವ ಹುಡುಗ 'ಇಷ್ ಬಿನ್ ಕಾಲ್ಟ್' ಎನ್ನುತ್ತಾನೆ. ಅದು 'ನಾನು ತಣ್ಣಗಿನ ಮನುಷ್ಯ, ನಿರ್ದಯಿ' ಎಂದಂತೆ. ಸರಿಯಾದದ್ದು 'ಮೀರ್ ಇಸ್ಟ್ ಕಾಲ್ಟ್', ಅಕ್ಷರಶಃ 'ನನಗೆ ಚಳಿ'. ಸೆಕೆಯ ವಿಷಯದಲ್ಲಿ ಈ ತಪ್ಪು ಮಾಡಿ 'ಇಷ್ ಬಿನ್ ಹೈಸ್' ಎಂದರಂತೂ ಮರ್ಯಾದೆಯೇ ಹೋದೀತು, ವಿವರಣೆ ಬೇಡ. 'ಆ ಪುಸ್ತಕ ನನಗೆ ಹಿಡಿಸಿತು' ಎಂಬಲ್ಲಿಯೂ ಅವರಿಗೆ 'ಮೀರ್', ನಮಗೆ 'ನನಗೆ'. ಸಹಾಯ ಮಾಡು ಎಂಬ 'ಹೆಲ್ಫೆನ್', ಕೃತಜ್ಞತೆ ಹೇಳು ಎಂಬ 'ದಾಂಕೆನ್', ಉತ್ತರಿಸು ಎಂಬ 'ಆಂಟ್‌ವೊರ್ಟೆನ್' ಇವೆಲ್ಲ ಚತುರ್ಥಿಯನ್ನು ಬೇಡುತ್ತವೆ ಎಂದು ಮಕ್ಕಳು ಪಟ್ಟಿ ಮಾಡಿ ಉರುಹೊಡೆಯುತ್ತಾರೆ. ಕನ್ನಡದಲ್ಲಿ ನಾವು ಯಾರಿಗೆ ಸಹಾಯ ಮಾಡುತ್ತೇವೆ, ಯಾರಿಗೆ ಉತ್ತರಿಸುತ್ತೇವೆ? 'ಅವನಿಗೆ' ತಾನೆ! 'ಅವನನ್ನು ಸಹಾಯ ಮಾಡಿದೆ' ಎಂದು ಯಾವ ಕನ್ನಡಿಗನೂ ಹೇಳಲಾರ. ಎಲ್ಲ ಕಡೆಯೂ ಹೀಗೆ ಹೊಂದುವುದಿಲ್ಲ, ನಿಜ. ನಮಗೆ ಹಸಿವು 'ಆಗುತ್ತದೆ', ಅವರು ಹಸಿವನ್ನು 'ಹೊಂದಿರುತ್ತಾರೆ': 'ಇಷ್ ಹಾಬೆ ಹುಂಗರ್'.

ಗೌರವದ ಮಾತಿನಲ್ಲಿ ಇನ್ನೂ ಸ್ವಾರಸ್ಯವಿದೆ. 'ದು' ಎಂದರೆ ನೀನು, 'ಝೀ' ಎಂದರೆ ನೀವು ಎಂದು ಹೇಳಿಕೊಡುತ್ತಾರೆ. ಆದರೆ ಈ 'ಝೀ' ಮೂಲತಃ 'ಅವರು' ಎಂಬ ಪ್ರಥಮಪುರುಷ ಬಹುವಚನ. ಎದುರಿಗಿರುವವರನ್ನು ದೂರದವರಂತೆ ಕರೆಯುವ ವಿನಯ. ಹಾಗಾಗಿ ನಮ್ಮ 'ತಾವು' ಅದಕ್ಕೆ ಹೆಚ್ಚು ಹತ್ತಿರ. ದೇವರನ್ನು ಮಾತ್ರ ಅವರೂ 'ದು' ಎನ್ನುತ್ತಾರೆ, ನಾವೂ 'ನೀನು' ಎನ್ನುತ್ತೇವೆ.

ಲಿಂಗದಲ್ಲಿ ಕನ್ನಡ ಕೈಕೊಡುತ್ತದೆ. ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಕಿಟಕಿ ನಪುಂಸಕ ಎಂಬುದಕ್ಕೆ ನಮ್ಮಲ್ಲಿ ಆಧಾರವಿಲ್ಲ, ಬಾಯಿಪಾಠವೇ ಗತಿ. ಹುಡುಗಿ ಎಂಬರ್ಥದ 'ಮೇಡ್‌ಷೆನ್' ನಪುಂಸಕವೆಂದು ನಗುವವರಿಗೆ ಹವ್ಯಕರ ಮನೆಮಾತಿನ 'ಅಕ್ಕ ಬಂತು' ಎಂಬುದನ್ನು ನೆನಪಿಸಬೇಕು. ಅಲ್ಲಿ ಅವಮಾನವೇನೂ ಇಲ್ಲ. ಜರ್ಮನ್ನಿನಲ್ಲಿ ಕಾರಣ ಬೇರೆ: ಚಿಕ್ಕದು ಎಂದು ಸೂಚಿಸುವ 'ಷೆನ್' ಪ್ರತ್ಯಯ ಬಂದರೆ ಪದ ನಪುಂಸಕವಾಗುತ್ತದೆ.

ಉಪವಾಕ್ಯದ ಕೊನೆಗೆ ಕ್ರಿಯಾಪದ ಬರುವುದನ್ನು ಕಂಡು ಮಕ್ಕಳು ಬೆಚ್ಚುತ್ತಾರೆ. 'ಅವನು ನಾಳೆ ಬರುತ್ತಾನೆಂದು' ಎಂಬಲ್ಲಿ ಕನ್ನಡದ ಕ್ರಿಯಾಪದ ಎಲ್ಲಿದೆ ಎಂದು ಕೇಳಿದರೆ ಸಾಕು, ಮುಖ ಅರಳುತ್ತದೆ.

ನುಡಿಗಟ್ಟುಗಳಲ್ಲಿಯೂ ನೆಂಟಸ್ತಿಕೆ ಕಾಣುತ್ತದೆ. ನಾವು ಕಣ್ಣಿಗೆ ಮಣ್ಣೆರಚಿದರೆ ಅವರು ಕಣ್ಣಿಗೆ ಮರಳೆರಚುತ್ತಾರೆ; ಗಾಯಕ್ಕೆ ಉಪ್ಪು ಸುರಿಯುವವರು, ಎಲ್ಲದರಲ್ಲೂ ಮೂಗು ತೂರಿಸುವವರು ಎರಡೂ ಕಡೆ ಇದ್ದಾರೆ. ಇಂಗ್ಲಿಷಿನ ನೆಂಟಸ್ತಿಕೆಯೋ ಕೆಲವೊಮ್ಮೆ ಅಪಾಯಕಾರಿ. 'ಬೆಕೊಮೆನ್' ಎಂದರೆ ಆಗುವುದಲ್ಲ, ಪಡೆಯುವುದು. 'ಗಿಫ್ಟ್' ಎಂದರೆ ಅಲ್ಲಿ ಉಡುಗೊರೆಯಲ್ಲ, ವಿಷ.